ಹಾಡಿದವರ ಹೆಸರು ಹಾಕಿ: ಜಾನಪದ ಹಾಡುಗಳನ್ನು ಜಾಲಕ್ಕೇರಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ, ನಾಟಿ ಗದ್ದೆಯ ಬದುವಿನಲ್ಲಿ ಹಾಡು ಕಿವಿಗೆ ಬಿದ್ದ ಕೂಡಲೇ ಮೊಬೈಲ್ ಎತ್ತಿ ರೆಕಾರ್ಡ್ ಮಾಡಿಕೊಳ್ಳುವವರು ನೀವು. ಅಟ್ಟದ ಮೇಲಿದ್ದ ಹಳೇ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ಯೂಟ್ಯೂಬಿಗೆ ಹಾಕುವವರು ನೀವು. ಹಳ್ಳಿಯ ಪದಕ್ಕೆ ಗಿಟಾರು, ಡ್ರಮ್ಸು ಸೇರಿಸಿ ಹೊಸದಾಗಿ ಹಾಡುವವರೂ ನೀವೇ, ಅದನ್ನು ಹಾಡಿನ ಆ್ಯಪುಗಳಿಗೆ ಏರಿಸುವ ಆಡಿಯೋ ಕಂಪನಿಯವರೂ ನೀವೇ. ನಿಮ್ಮೆಲ್ಲರಿಗೂ ಒಬ್ಬ ಕೇಳುಗನ ನಮಸ್ಕಾರ.

ಮೊದಲು ನಿಮ್ಮ ಋಣದ ಮಾತು. ಬೆಂಗಳೂರಿನ ಬಸ್ಸಿನಲ್ಲಿ ಜೋತುಬಿದ್ದುಕೊಂಡೇ ಮಾದಪ್ಪನ ಬೆಟ್ಟದ ಕಂಸಾಳೆ ಪದ, ಅಂಕೋಲೆಯ ಸುಗ್ಗಿ ಹಾಡು, ವಿಜಯಪುರ ಕಡೆಯ ಗೀಗೀ ಪದ ಮೂರನ್ನೂ ಮನೆ ಮುಟ್ಟುವುದರೊಳಗೆ ಕೇಳುವ ಭಾಗ್ಯ ನಮ್ಮ ಹಿರಿಯರಿಗೆ ಇರಲಿಲ್ಲ. ಅವರವರ ಸೀಮೆಯ ಹಾಡು ಅವರವರಿಗೆ. ಬೇರೆ ಸೀಮೆಯದು ಬೇಕೆಂದರೆ ಆಕಾಶವಾಣಿ ಹಾಕಿದಾಗ ಕೇಳಬೇಕು, ಇಲ್ಲವೇ ಕ್ಯಾಸೆಟ್ ಅಂಗಡಿಯಲ್ಲಿ ತಡಕಬೇಕು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದಾಗ ಅವರ ಕೈಯಲ್ಲಿದ್ದದ್ದು ಕಾಗದ, ಲೇಖನಿ. ಪದ ಉಳಿಯಿತು, ಬೀಸುವ ಕಲ್ಲಿನ ಮುಂದೆ ಅದನ್ನು ಹಾಡಿದ ದನಿ ಉಳಿಯಲಿಲ್ಲ. ದನಿಯನ್ನೂ ಉಳಿಸುವ ಸಾಧನ ಇವತ್ತು ನಿಮ್ಮ ಜೇಬಿನಲ್ಲಿದೆ, ನೀವು ಅದನ್ನು ಬಳಸುತ್ತಲೂ ಇದ್ದೀರಿ. ಹಾಗಾಗಿಯೇ ಈ ಪತ್ರವನ್ನು ಅಕಾಡೆಮಿಗೋ ಇಲಾಖೆಗೋ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಹಾಡಿನ ಆ್ಯಪುಗಳು ವರ್ಷದ ಕೊನೆಗೆ ನಮಗೊಂದು ಲೆಕ್ಕ ಒಪ್ಪಿಸುತ್ತವೆ. ನೀವು ಅತಿ ಹೆಚ್ಚು ಕೇಳಿದ ಹಾಡುಗಳು ಇವು, ನಿಮ್ಮ ಮೆಚ್ಚಿನ ಕಲಾವಿದರು ಇವರು ಎಂದು ಬಣ್ಣಬಣ್ಣದ ಪಟ್ಟಿ ಕಳಿಸುತ್ತವೆ. ಗೆಳೆಯರೆಲ್ಲ ಅದನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ನನಗೂ ಬಂತು. ನನ್ನ ಮೆಚ್ಚಿನ ಕಲಾವಿದರಲ್ಲಿ ಮೊದಲನೆಯವರ ಹೆಸರು ‘ಜಾನಪದ’. ಎರಡನೆಯವರು ‘ವಿವಿಧ ಕಲಾವಿದರು’. ಮೂರನೆಯದು ಒಂದು ಆಡಿಯೋ ಕಂಪನಿ. ನಾಲ್ಕನೆಯವರು ಹಾಡಿಗೆ ಕೀಬೋರ್ಡ್ ಸೇರಿಸಿದವರು. ವರ್ಷವಿಡೀ ನನ್ನ ಕಿವಿಯಲ್ಲಿ ಕೂತು ಹಾಡಿದ ದೇವರಗುಡ್ಡರು, ನೀಲಗಾರರು, ಹಾಲಕ್ಕಿ ಹೆಂಗಸರು, ಗೊಲ್ಲರಹಟ್ಟಿಯ ಅಜ್ಜಿಯರು, ಲಾವಣಿಕಾರರು ಒಬ್ಬರೂ ಆ ಪಟ್ಟಿಯಲ್ಲಿ ಇಲ್ಲ. ಆ್ಯಪನ್ನು ಬೈದು ಉಪಯೋಗವಿಲ್ಲ. ಹಾಡು ಏರಿಸುವಾಗ ಕಲಾವಿದರ ಹೆಸರಿನ ಜಾಗದಲ್ಲಿ ಏನು ತುಂಬುತ್ತೀರೋ ಅದನ್ನೇ ಅದು ನನಗೆ ತಿರುಗಿ ಓದಿ ಹೇಳುತ್ತದೆ.

ನಿಮ್ಮ ಉತ್ತರ ನನಗೆ ಗೊತ್ತು. ‘ಜಾನಪದ ಅಂದ್ಮೇಲೆ ಕರ್ತೃ ಎಲ್ಲಿ? ಅದು ಎಲ್ಲರ ಸ್ವತ್ತು. ಯಾರ ಹೆಸರು ಹಾಕೋದು?’ ಈ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ ಅದನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಹಾಡು ಕಟ್ಟಿದವರು ಯಾರೋ ತಿಳಿಯದು, ನಿಜ. ಆದರೆ ಹಾಡಿದವರು ನಿಮ್ಮ ಕ್ಯಾಮೆರಾದ ಎದುರಿಗೇ ಕೂತಿದ್ದಾರಲ್ಲ! ಅವರಿಗೆ ಹೆಸರಿದೆ, ಊರಿದೆ, ಆಧಾರ್ ಕಾರ್ಡೂ ಇದೆ. ಕಟ್ಟಿದವರ ಹೆಸರು ಕಾಲದಲ್ಲಿ ಕಳೆದುಹೋಯಿತು ಎಂಬ ಕಾರಣಕ್ಕೆ ಹಾಡಿದವರ ಹೆಸರನ್ನು ನಾವು ಕೈಯಾರೆ ಕಳೆಯುವುದು ಯಾವ ನ್ಯಾಯ? ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಮಿಕ್ಕದ್ದು ಇದರ ವಿವರ. ಆ್ಯಪು ಕೊಟ್ಟ ಪಟ್ಟಿಯನ್ನು ಪಕ್ಕಕ್ಕಿಟ್ಟು ನನ್ನ ಪಟ್ಟಿಯನ್ನು ನಾನೇ ಬರೆದು ತೋರಿಸುತ್ತೇನೆ.

ನಾನು ಅತಿ ಹೆಚ್ಚು ಕೇಳುವುದು ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲು. ಜೇನು ಕೀಳಲು ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಭಾಷೆ ಕೊಡು ಎನ್ನುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಅಲ್ಲಿಂದ ಮುಂದೆ ಅವಳು ಪಡುವ ಪಾಡು, ಮಾದಪ್ಪ ಅವಳ ಗುಡ್ಲಿಗೆ ಬರುವುದು, ಅವಳಿಗೆ ಮಕ್ಕಳ ಭಾಗ್ಯ ಸಿಗುವುದು ಇವೆಲ್ಲ ಸಾವಕಾಶವಾಗಿ ಬಿಚ್ಚಿಕೊಳ್ಳುತ್ತವೆ. ದೇವರಗುಡ್ಡರು ಎಡಗೈಯ ಬಟ್ಟಲಿನಂಥ ತಾಳಕ್ಕೆ ಬಲಗೈಯ ಚಪ್ಪಟೆ ತಾಳ ಬಡಿಯುತ್ತ ಕಥೆ ನಡೆಸುತ್ತಾರೆ. ಮುಂದಾಳು ಒಂದು ನುಡಿ ಹಾಡಿ ಬಿಟ್ಟಾಗ ಹಿಂದಿನವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಆ ಸೊಲ್ಲು ಮುಗಿಯುವಷ್ಟು ಹೊತ್ತಿನಲ್ಲಿ ಮುಂದಾಳು ಮುಂದಿನ ನುಡಿಯನ್ನು ನೆನಪಿನಿಂದ ಎತ್ತಿ ತರುತ್ತಾನೆ. ಹಾಡುವವರು ಮಾತ್ರ ಬಲ್ಲ ಬಿಡುವು ಅದು. ಸೊಲ್ಲು ಹಿಡಿಯುವವರಿಲ್ಲದೆ ಆ ಕಾವ್ಯ ಒಂದು ಹೆಜ್ಜೆ ಮುಂದೆ ಹೋಗದು.

ನಿಮ್ಮಲ್ಲಿ ಬಹಳ ಜನ ಇದನ್ನು ಏರಿಸಿದ್ದೀರಿ. ಆದರೆ ನಾಲ್ಕು ನಿಮಿಷಕ್ಕೆ ಕತ್ತರಿ. ನೀಲೇಗೌಡ ಭಾಷೆ ಕೇಳುತ್ತಾನೆ, ಸಂಕಮ್ಮ ಬಾಯಿ ತೆರೆಯುವುದರೊಳಗೆ ಜಾಹೀರಾತು ಬರುತ್ತದೆ, ವಿಡಿಯೋ ಮುಗಿಯುತ್ತದೆ. ಕೆಳಗೆ ‘ಸೂಪರ್ ಕಂಸಾಳೆ ಪದ, ತಪ್ಪದೆ ನೋಡಿ’ ಎಂದಿರುತ್ತದೆ. ಯಾರ ಮೇಳ, ಯಾವ ಊರು, ಯಾರು ಮುಂದಾಳು, ಸೊಲ್ಲು ಹಿಡಿದವರು ಯಾರು ಎಂಬುದು ಇರುವುದಿಲ್ಲ. ಸಂಕಮ್ಮ ಗಂಡನಿಗೆ ಯಾಕೆ ಭಾಷೆ ಕೊಡಲಿಲ್ಲ ಎಂದು ಕೇಳಬೇಕೆನ್ನುವವನು ಆ ಮೇಳವನ್ನು ಎಲ್ಲಿ ಹುಡುಕಿಕೊಂಡು ಹೋಗಬೇಕು?

ಇದೇ ಕಂಸಾಳೆಯ ಲಯ 1996ರ ‘ಜನುಮದ ಜೋಡಿ’ಯ ಮೂಲಕ ಸಿನಿಮಾಕ್ಕೆ ಬಂತು. ವಿ. ಮನೋಹರ್ ಸಂಗೀತದಲ್ಲಿ ‘ಕೋಲುಮಂಡೆ’ ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಸಿಕ್ಕಿತು. ಸಿಗಬೇಕಾದದ್ದೇ, ಎಂಥ ತುಂಬು ಕಂಠ ಅದು! ನನ್ನ ಪಟ್ಟಿಯಲ್ಲಿ ಆ ಹಾಡೂ ಇದೆ. ಸಿನಿಮಾದವರು ಹಾಡಿದವರ ಹೆಸರು ಹಾಕಿದರು, ಸಂಗೀತದವರ ಹೆಸರು ಹಾಕಿದರು. ಆದ್ದರಿಂದಲೇ ಇಷ್ಟು ವರ್ಷಗಳ ಮೇಲೂ ನಾನು ಆ ಹೆಸರುಗಳನ್ನು ಇಲ್ಲಿ ಬರೆಯಬಲ್ಲೆ. ಬೆಟ್ಟದ ಮೆಟ್ಟಿಲಿನ ಮೇಲೆ ಕೂತು ಅದೇ ಪದವನ್ನು ಹಾಡುವ ಗುಡ್ಡನಿಗೆ ಈ ಮರ್ಯಾದೆ ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ.

ಹೆಸರು ಹಾಕುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಮಾದರಿ ಇದೆ. ತುಳುನಾಡಿನ ಸಿರಿ ಸಂಧಿಯನ್ನು 1990ರಲ್ಲಿ ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆಗೂಡಿ ಧ್ವನಿಮುದ್ರಿಸಿಕೊಂಡರು. ಹಾಡಿದವರು ಉಜಿರೆ ಕಡೆಯ ಗೋಪಾಲ ನಾಯ್ಕರು. 15,683 ಸಾಲುಗಳ ಕಾವ್ಯ ಅದು. 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕವಾಗಿ ಹೊರಬಂದಾಗ ಅದರ ಹೆಸರನ್ನು ಏನಿಟ್ಟರು ಗೊತ್ತೇ? ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಎಂದು. ಹಾಡುಗಾರನ ಹೆಸರು ಒಳಪುಟದ ಕೃತಜ್ಞತೆಯಲ್ಲಿ ಅಡಗಿ ಕೂರಲಿಲ್ಲ, ಪುಸ್ತಕದ ಶೀರ್ಷಿಕೆಯಲ್ಲೇ ನಿಂತಿತು. ಸಿರಿಯ ಕಥೆ ತುಳುನಾಡಿನ ಎಷ್ಟೋ ಬಾಯಿಗಳಲ್ಲಿದೆ. ಬೇರೆಯವರು ಹಾಡಿದ್ದರೆ ಬೇರೆ ಕಾವ್ಯವಾಗುತ್ತಿತ್ತು, ಇದು ಗೋಪಾಲ ನಾಯ್ಕರ ಸಿರಿ. ಇದನ್ನು ವಿದ್ವಾಂಸರು ಒಪ್ಪಿ ಕಾಲು ಶತಮಾನವೇ ಆಯಿತು. ನಮ್ಮ ಚಾನೆಲ್ಲುಗಳಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ನನ್ನ ಪಟ್ಟಿಯ ಎರಡನೇ ಭಾಗ ಹೆಂಗಸರದು. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು ಎದೆಯಲ್ಲಿ ಇಟ್ಟುಕೊಂಡು ನಾಡೋಜರಾದವರು. ಕಾಡುಗೊಲ್ಲರ ದೇವರುಗಳು, ಹಟ್ಟಿಯ ಹೆಣ್ಣುಮಕ್ಕಳ ಕಷ್ಟಸುಖ, ಕುರಿ-ದನ-ಮಳೆ ಎಲ್ಲವೂ ಅವರ ಹಾಡಿನಲ್ಲಿ ಇದ್ದವು. ಸಂಡೂರು ತಾಲೂಕಿನ ದರೋಜಿ ಈರಮ್ಮ ಬುರ್ರಕಥೆಗೆ ನಿಂತರೆ ರಾತ್ರಿಗಳು ಸಾಲುತ್ತಿರಲಿಲ್ಲ. ತಂಬೂರಿ ಹಿಡಿದು ನಡುವೆ ನಿಂತು ಅವರು ಕಥೆಯನ್ನು ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ದಾಟಿಸುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರು. ಅಂಕೋಲಾ ತಾಲೂಕು ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಮದುವೆ ಹಾಡು, ಸುಗ್ಗಿ ಹಾಡುಗಳ ಭಂಡಾರವಾಗಿದ್ದರು. ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರವರಿಯಲ್ಲಿ ಅವರೂ ಹೋದರು. ಯಲ್ಲಮ್ಮನ ಪದಗಳನ್ನು ಬೀದಿಯಿಂದ ವೇದಿಕೆಗೆ ತಂದ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಈ ನಾಲ್ವರ ಹೆಸರು ನಮಗೆ ಗೊತ್ತಿರುವುದು ಹೇಗೆ? ಯಾರೋ ಅವರ ಮನೆಗೆ ಹೋದರು, ಎದುರು ಕೂತು ಹಾಡಿಸಿದರು, ಹೆಸರು ಬರೆದುಕೊಂಡರು. ಹೆಸರು ಹೊರಬಿದ್ದ ಮೇಲೆ ಪ್ರಶಸ್ತಿ ಬಂತು, ಪ್ರಶಸ್ತಿ ಬಂದ ಮೇಲೆ ಮಾಸಾಶನವೋ ಕಾರ್ಯಕ್ರಮವೋ ಬಂತು. ಹೆಸರಿಲ್ಲದವರಿಗೆ ಇದರಲ್ಲಿ ಯಾವ ಮೆಟ್ಟಿಲೂ ಇಲ್ಲ. ಈಗ ನಿಮ್ಮ ವಿಡಿಯೋಗಳ ಶೀರ್ಷಿಕೆಗಳನ್ನು ಒಮ್ಮೆ ಓದಿಕೊಳ್ಳಿ. ‘ಹಳ್ಳಿ ಅಜ್ಜಿಯ ಬೊಂಬಾಟ್ ಹಾಡು’, ‘ಅಜ್ಜಿ ಹಾಡಿದ್ದಕ್ಕೆ ಎಲ್ಲರೂ ಶಾಕ್’, ‘ಈ ತಾಯಿಯ ಕಂಠ ಕೇಳಿ ಕಣ್ಣೀರು ಬರುತ್ತೆ’. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಅಜ್ಜಿಯ ಹೆಸರು ಯಾರಿಗೂ ಗೊತ್ತಿಲ್ಲ. ನಿಮ್ಮ ಚಾನೆಲ್ಲಿನ ಹೆಸರು ಮಾತ್ರ ಪರದೆಯ ಮೂಲೆಯಲ್ಲಿ ಉದ್ದಕ್ಕೂ ಅಳಿಸದೆ ನಿಂತಿರುತ್ತದೆ. ಹೆಸರು ಹಾಕುವುದು ನಿಮಗೆ ಬಾರದ ವಿದ್ಯೆಯೇನಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದಾಗಿ ಗಂಡಸರ ಕಂಠಗಳು. ಮುರಗೋಡದ ಹುಕ್ಕೇರಿ ಬಾಳಪ್ಪನವರು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹಾಡಿಕೊಂಡೇ ಊರೂರು ತಿರುಗಿದವರು, ಸಾವಿರ ಹಾಡುಗಳ ಸರದಾರ ಎನ್ನಿಸಿಕೊಂಡವರು. ಹಳೇ ಮೈಸೂರು ಸೀಮೆಯ ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು. ಕೋಲಾರದ ಕಡೆಯ ಪಿಚ್ಚಳ್ಳಿ ಶ್ರೀನಿವಾಸ್. ಕ್ಯಾಸೆಟ್ಟಿನ ಕಾಲದಲ್ಲಿ ಉತ್ತರ ಕರ್ನಾಟಕದ ಚಹಾದಂಗಡಿ, ಟಂಟಂ, ಟ್ರ್ಯಾಕ್ಟರುಗಳನ್ನೆಲ್ಲ ಆಳಿದ ಗುರುರಾಜ ಹೊಸಕೋಟೆ. ‘ಶ್ರೀಕೃಷ್ಣ ಪಾರಿಜಾತ’ವನ್ನು ಹೊಸ ತಲೆಮಾರಿಗೆ ದಾಟಿಸಿ 2022ರಲ್ಲಿ ಅಗಲಿದ ಬಸವಲಿಂಗಯ್ಯ ಹಿರೇಮಠ. ಇವರೆಲ್ಲರ ಹೆಸರೂ ಕ್ಯಾಸೆಟ್ಟಿನ ಒಳಗಿನ ಸಣ್ಣ ಚೀಟಿಯಲ್ಲಿ, ರೇಡಿಯೋ ಉದ್ಘೋಷಕರ ಬಾಯಲ್ಲಿ ಇರುತ್ತಿತ್ತು. ‘ಹಾಡಿದವರು ಇಂಥವರು ಮತ್ತು ಸಂಗಡಿಗರು’ ಎಂದು ಹೇಳದೆ ಆಕಾಶವಾಣಿ ಯಾವ ಹಾಡನ್ನೂ ಮುಗಿಸುತ್ತಿರಲಿಲ್ಲ. ಸಂಗಡಿಗರ ಹೆಸರನ್ನೂ ಹೇಳಬೇಕಿತ್ತು ಎಂಬ ತಕರಾರು ನನಗೆ ಆಗಲೂ ಇತ್ತು. ಈಗಂತೂ ಮುಂದಾಳೂ ಹೋಗಿ ಸಂಗಡಿಗರೂ ಹೋಗಿ ‘ಜಾನಪದ’ ಎಂಬ ಒಂದೇ ಖಾನೆ ಉಳಿದಿದೆ. ತಂತ್ರಜ್ಞಾನ ಮುಂದೆ ಹೋಯಿತು, ಮರ್ಯಾದೆ ಹಿಂದೆ ಬಿತ್ತು.

ಇದರ ಉಲ್ಟಾ ತಪ್ಪೂ ಅಷ್ಟೇ ನಡೆಯುತ್ತಿದೆ. ಕವಿ ಯಾರೆಂದು ಚೆನ್ನಾಗಿ ಗೊತ್ತಿರುವ ಹಾಡನ್ನೂ ಜಾನಪದದ ಲೆಕ್ಕಕ್ಕೆ ಬರೆದುಬಿಡುತ್ತೀರಿ. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಕಾಡು ಕುದುರೆ’ಯ ಹಾಡು ಚಂದ್ರಶೇಖರ ಕಂಬಾರರದು. ಜಾನಪದದ ದಾಟಿ, ಜಾನಪದದ ನುಡಿಗಟ್ಟು ಇರಬಹುದು. ಬರೆದ ಕವಿ ನಮ್ಮ ನಡುವಿನವರು. ಶಿಶುನಾಳ ಷರೀಫರ ಪದಗಳ ಕಥೆಯೂ ಇದೇ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು ತಮ್ಮ ಪದಗಳ ಕೊನೆಗೆ ಶಿಶುನಾಳಾಧೀಶನ ಅಂಕಿತ ಇಟ್ಟೇ ಹಾಡಿದರು. ಆ ಅಂಕಿತದ ನುಡಿಯನ್ನೇ ಕತ್ತರಿಸಿ ಹಾಡು ಗಿಡ್ಡ ಮಾಡುತ್ತೀರಿ, ಆಮೇಲೆ ‘ಜಾನಪದ ಗೀತೆ’ ಎಂದು ಹೆಸರಿಡುತ್ತೀರಿ. ಇಡೀ ಕರ್ನಾಟಕಕ್ಕೆ ಷರೀಫರನ್ನು ಹಾಡಿ ಕೇಳಿಸಿದ ಸಿ. ಅಶ್ವತ್ಥರು ಎಂದೂ ಆ ಕೆಲಸ ಮಾಡಲಿಲ್ಲ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದಾಗ ಮನೆಮನೆಯಲ್ಲಿ ಮೊಳಗಿದ್ದು ಅಶ್ವತ್ಥರ ದನಿಯಾದರೂ ನಿಂತದ್ದು ಷರೀಫರ ಹೆಸರು.

ಹೊಸ ವಾದ್ಯ, ಹೊಸ ಲಯ ಬೇಡ ಎನ್ನುವ ಮಡಿವಂತ ನಾನಲ್ಲ. ಹಾಡು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದಿದೆ, ಮುಂದೂ ಬದಲಾಗುತ್ತದೆ. ರಘು ದೀಕ್ಷಿತ್ ಷರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ್ದು ನನ್ನ ಪಟ್ಟಿಯಲ್ಲಿ ಆಗಾಗ ಬರುತ್ತದೆ. ಕನ್ನಡ ಒಂದಕ್ಷರ ಬಾರದವರೂ ಆ ಹಾಡಿಗೆ ಕುಣಿದಿದ್ದಾರೆ. ನಿಮ್ಮ ಪ್ರಯೋಗ ನಿಮ್ಮದು, ಅದಕ್ಕೆ ನಿಮ್ಮ ಹೆಸರು ಇರಲಿ. ಆದರೆ ಆ ದಾಟಿಯನ್ನು ನೀವು ಯಾರ ಬಾಯಿಂದ ಕಲಿತಿರೋ ಅವರ ಹೆಸರೂ ಪಕ್ಕದಲ್ಲಿರಲಿ. ಜಾನಪದದ ದಾಟಿ ಗಾಳಿಯಲ್ಲಿ ತೇಲಿ ಬಂದು ನಿಮ್ಮ ಸ್ಟುಡಿಯೋದಲ್ಲಿ ಇಳಿಯಲಿಲ್ಲ. ಒಂದು ಊರಿನಲ್ಲಿ, ಒಂದು ಮನೆಯಲ್ಲಿ, ಒಬ್ಬರು ನಿಮಗೆ ಹಾಡಿ ತೋರಿಸಿದ್ದಾರೆ.

ಇಲ್ಲಿ ಒಂದು ಗುಂಪಿಗೆ ಶಹಬ್ಬಾಸ್ ಹೇಳಲೇಬೇಕು. ಉತ್ತರ ಕರ್ನಾಟಕದ ಹುಡುಗರು ಈಗ ‘ಜಾನಪದ ಸಾಂಗ್’ ಎಂಬ ಹೆಸರಿನಲ್ಲಿ ಹೊಸ ಹಾಡು ಕಟ್ಟುತ್ತಾರಲ್ಲ, ಡಿಜೆ ಪೆಟ್ಟಿಗೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಮೊಳಗುವ ಪ್ರೀತಿ-ವಿರಹದ ಹಾಡುಗಳು. ಮಾಳು ನಿಪನಾಳ, ಬಾಳು ಬೆಳಗುಂದಿ ಇಂಥ ಹಾಡುಗಳಿಂದಲೇ ನಾಡಿಗೆಲ್ಲ ಪರಿಚಿತರಾದರು. ಇವು ಜಾನಪದವೇ ಅಲ್ಲ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಕೆಲವು ಹಾಡುಗಳ ಸಾಹಿತ್ಯ ನನಗೂ ಹಿಡಿಸುವುದಿಲ್ಲ. ಆದರೆ ಆ ಹಾಡುಗಳ ಕೊನೆಯ ನುಡಿ ಕೇಳಿ. ಬರೆದವರು ಯಾರು, ಹಾಡಿದವರು ಯಾರು, ಯಾವ ಊರು ಎಂಬುದು ಹಾಡಿನೊಳಗೇ ಬರುತ್ತದೆ. ಲಾವಣಿಕಾರರು, ತತ್ವಪದಕಾರರು ಮಾಡಿಕೊಂಡು ಬಂದದ್ದನ್ನೇ ಈ ಹುಡುಗರು ಮಾಡುತ್ತಿದ್ದಾರೆ. ನೀವು ವಿಡಿಯೋ ಕೆಳಗೆ ಏನನ್ನಾದರೂ ಬರೆದುಕೊಳ್ಳಿ, ಹಾಡನ್ನು ಕದ್ದು ಮತ್ತೊಂದು ಚಾನೆಲ್ಲಿಗೆ ಹಾಕಿಕೊಳ್ಳಿ, ಹೆಸರು ಅಳಿಸುವ ಹಾಗಿಲ್ಲ. ಹೆಸರು ಕಳೆದರೆ ಏನಾಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಕಾನೂನಿನ ಮಾತು. ‘ಜಾನಪದಕ್ಕೆ ಕಾಪಿರೈಟ್ ಇಲ್ಲ’ ಎಂಬುದು ನಿಮ್ಮಲ್ಲಿ ಬಹುಪಾಲು ಜನರ ಧೈರ್ಯ. ಅದು ಅರ್ಧ ಸತ್ಯ. ತಲೆತಲಾಂತರದಿಂದ ಬಂದ ಹಾಡಿನ ಮೇಲೆ ಯಾರೊಬ್ಬರ ಹಕ್ಕೂ ಇಲ್ಲದಿರಬಹುದು. ಆದರೆ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು ಬೇರೆಯಾಗಿಯೇ ಗುರುತಿಸುತ್ತದೆ. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಕಸರತ್ತಿನವರು, ಕೊನೆಗೆ ಹಾವಾಡಿಗರೂ ಆ ಕಾಯ್ದೆಯ ಪ್ರಕಾರ ಪ್ರದರ್ಶಕರೇ. ಹಾಡು ಯಾರದ್ದಾದರೂ ಇರಲಿ, ತಾವು ಹಾಡಿದ ಆ ಹಾಡಿಕೆಯ ಮೇಲೆ ಅವರಿಗೆ 50 ವರ್ಷಗಳ ಹಕ್ಕು ಇರುತ್ತದೆ. ಅವರ ಒಪ್ಪಿಗೆ ಇಲ್ಲದೆ ಅದನ್ನು ಮುದ್ರಿಸಿಕೊಳ್ಳುವುದು, ಪ್ರಸಾರ ಮಾಡುವುದು ಆ ಹಕ್ಕಿನ ಉಲ್ಲಂಘನೆ. 2012ರ ತಿದ್ದುಪಡಿಯಲ್ಲಿ 38ಬಿ ಕಲಮು ಸೇರಿತು. ಹಾಡಿದವರು ಇಂಥವರು ಎಂದು ಗುರುತಿಸಿಕೊಳ್ಳುವುದು ಪ್ರದರ್ಶಕರ ಹಕ್ಕು ಎಂದು ಅದು ನೇರವಾಗಿ ಹೇಳುತ್ತದೆ. ಬಳಸುವ ವಿಧಾನದಿಂದಾಗಿಯೇ ಹೆಸರು ಬಿಡಬೇಕಾಗಿ ಬಂದರೆ ಒಂದು ವಿನಾಯಿತಿ ಇದೆ. ಆದರೆ ವಿಡಿಯೋದ ಕೆಳಗೆ ಪುಟಗಟ್ಟಲೆ ಬರೆಯಲು ಜಾಗ ಇರುವಾಗ ಆ ವಿನಾಯಿತಿಯ ಹಿಂದೆ ಅವಿತುಕೊಳ್ಳುವುದು ಹೇಗೆ? ಗೊಲ್ಲರಹಟ್ಟಿಯ ಅಜ್ಜಿ ಕೋರ್ಟಿಗೆ ಬರಲಾರಳು ಎಂಬ ಧೈರ್ಯದ ಮೇಲೆ ನಿಂತ ಚಾನೆಲ್ಲು ದೊಡ್ಡದಾಗಬಹುದು, ಮರ್ಯಾದಸ್ಥ ಚಾನೆಲ್ಲು ಆಗಲಾರದು.

ದುಡ್ಡಿನ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ನಿಮ್ಮಲ್ಲಿ ಬಹಳ ಜನರಿಗೆ ಈ ವಿಡಿಯೋಗಳಿಂದ ಅಂಥ ಆದಾಯವೇನೂ ಇಲ್ಲ, ಪ್ರೀತಿಗೆ ಮಾಡುತ್ತೀರಿ ಎಂಬುದು ನನಗೆ ಗೊತ್ತು. ಅಂಥವರು ಹೆಸರು ಹಾಕಿದರೆ ಸಾಕು, ಅರ್ಧ ಸಾಲ ತೀರುತ್ತದೆ. ಹೆಸರು ನೋಡಿದ ಯಾರೋ ಒಬ್ಬರು ಆ ಮೇಳವನ್ನು ಮದುವೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಅಮೆರಿಕದ ಕನ್ನಡ ಕೂಟಕ್ಕೆ ಕರೆಸಿಕೊಂಡಾರು. ಆದಾಯ ಇರುವವರು ಹಾಡಿದವರಿಗೆ ಪಾಲು ಕೊಡಬೇಕು. ಅದನ್ನು ಸಂಭಾವನೆ ಎಂದು ಎಲೆ ಅಡಿಕೆ ಮೇಲಿಟ್ಟು ಕೊಡಿ. ದಾನ ಎಂದು ಕೊಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಮಾಡಬೇಕಾದ್ದೇನು ಎಂಬುದನ್ನೂ ಹೇಳಿಬಿಡುತ್ತೇನೆ. ಕಷ್ಟದ್ದು ಯಾವುದೂ ಇಲ್ಲ.

ಒಂದು, ರೆಕಾರ್ಡ್ ಗುಂಡಿ ಒತ್ತುವ ಮೊದಲು ಕೇಳಿ: ‘ಅಮ್ಮಾ, ಇದನ್ನ ಮೊಬೈಲಲ್ಲಿ ಹಿಡೀಲಾ? ಎಲ್ಲರಿಗೂ ತೋರಿಸಲಾ?’ ದೇವರ ಕೆಲಸಕ್ಕೆಂದು ಮಾತ್ರ ಹಾಡುವ ಪದಗಳಿವೆ, ಸಾವಿನ ಮನೆಯ ಹಾಡುಗಳಿವೆ. ಬೇಡ ಎಂದರೆ ಬೇಡ.

ಎರಡು, ಹಾಡು ಶುರುವಾಗುವ ಮೊದಲು ಅವರ ಬಾಯಿಂದಲೇ ಹೆಸರು, ಊರು ಹೇಳಿಸಿ. ವಿಡಿಯೋ ಎಷ್ಟು ಕಡೆ ನಕಲಾದರೂ ಆ ಮಾತು ಜೊತೆಗೇ ಹೋಗುತ್ತದೆ. ಈ ಉಪಾಯ ಉತ್ತರ ಕರ್ನಾಟಕದ ಹುಡುಗರಿಂದ ಕಲಿತದ್ದು.

ಮೂರು, ಸೊಲ್ಲು ಹಿಡಿದವರ, ವಾದ್ಯ ನುಡಿಸಿದವರ ಹೆಸರನ್ನೂ ಬರೆಯಿರಿ. ಗೀಗೀ ಪದದಲ್ಲಿ ತುಂತುಣಿ ಯಾರದು, ಯಲ್ಲಮ್ಮನ ಪದದಲ್ಲಿ ಚೌಡಿಕೆ ಯಾರದು, ಗೊಲ್ಲರ ಗಣೆ ಊದಿದವರು ಯಾರು ಎಂಬುದು ಹಾಡಿದವರಷ್ಟೇ ಮುಖ್ಯ. ಗಣೆ ಊದುವವರಂತೂ ಬೆರಳೆಣಿಕೆಗೆ ಬಂದಿದ್ದಾರೆ.

ನಾಲ್ಕು, ಯಾರಿಂದ ಕಲಿತಿರಿ, ಯಾವಾಗ ಹಾಡುತ್ತೀರಿ ಎಂದು ಎರಡು ಮಾತು ಕೇಳಿ ಕೆಳಗೆ ಬರೆಯಿರಿ. ಸೋಬಾನೆಯನ್ನು ಸುಗ್ಗಿ ಹಾಡೆಂದೂ ಹಂತಿ ಪದವನ್ನು ಭಜನೆಯೆಂದೂ ಕೇಳುವ ಗತಿ ನಗರದ ಕೇಳುಗರಿಗೆ ಬಾರದಿರಲಿ.

ಐದು, ಜನಕ್ಕೆ ಪುರಸೊತ್ತಿಲ್ಲ ಎಂದು ನಾಲ್ಕು ನಿಮಿಷದ ತುಣುಕು ಹಾಕುತ್ತೀರಾದರೆ ಹಾಕಿ. ಪೂರ್ತಿ ಹಾಡಿಕೆಯನ್ನೂ ಬೇರೆಯಾಗಿ ಹಾಕಿ, ತುಣುಕಿನ ಕೆಳಗೆ ಅದರ ಕೊಂಡಿ ಕೊಡಿ. ಒಂದು ಪ್ರತಿಯನ್ನು ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕಕ್ಕೋ ಶಿಗ್ಗಾಂವಿ ತಾಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ತಲುಪಿಸಿ. ಚಾನೆಲ್ಲು ಇವತ್ತು ಇದ್ದು ನಾಳೆ ಮುಚ್ಚೀತು.

ಆರು, ಹಳೇ ಕ್ಯಾಸೆಟ್ ಏರಿಸುವವರು ಅದರೊಳಗಿನ ಚೀಟಿಯ ಎರಡೂ ಬದಿಯ ಫೋಟೊ ಹಾಕಿ. ಹಾಡುಗಾರರಿಂದ ಹಿಡಿದು ಡೋಲಕ್ ನುಡಿಸಿದವರವರೆಗೆ ಎಲ್ಲರೂ ಅಲ್ಲಿ ಇರುತ್ತಾರೆ.

ಏಳು, ಆಡಿಯೋ ಕಂಪನಿಯವರು ಕಲಾವಿದರ ಹೆಸರಿನ ಜಾಗದಲ್ಲಿ ‘ಜಾನಪದ’, ‘ಸಾಂಪ್ರದಾಯಿಕ’ ಎಂದು ತುಂಬುವುದನ್ನು ಇವತ್ತಿಗೇ ನಿಲ್ಲಿಸಿ. ಬೇಕಿದ್ದರೆ ಆ ಮಾತು ಸಾಹಿತ್ಯದ ಖಾನೆಯಲ್ಲಿ ಇರಲಿ; ಹಾಡಿದವರ ಖಾನೆಯಲ್ಲಿ ಹಾಡಿದವರು ಇರಲಿ.

ನನ್ನಂಥ ಕೇಳುಗರಿಗೂ ಇದರಲ್ಲಿ ಕೆಲಸವಿದೆ. ಹೆಸರಿಲ್ಲದ ಹಾಡು ಕಂಡಲ್ಲಿ ‘ಹಾಡಿದವರು ಯಾರು?’ ಎಂದು ಕೇಳೋಣ, ಉತ್ತರ ಬರುವವರೆಗೂ ಕೇಳೋಣ. ಗೊತ್ತಿದ್ದರೆ ನಾವೇ ಬರೆದು ತಿಳಿಸೋಣ. ಹಂಚಿಕೊಳ್ಳುವಾಗ ‘ಎಂಥ ಹಾಡು ನೋಡಿ’ ಎನ್ನುವುದರ ಜೊತೆಗೆ ‘ಇಂಥವರು ಹಾಡಿದ್ದು’ ಎಂದೂ ಸೇರಿಸೋಣ.

ಗೆಳೆಯರೇ, ಸುಕ್ರಜ್ಜಿ ಹೋದರು, ಈರಮ್ಮ ಹೋದರು. ಇವರ ಸಾಲಿನ ಹಿರಿಯರು ಇನ್ನೂ ಅನೇಕ ಊರುಗಳಲ್ಲಿ ಇದ್ದಾರೆ. ಅವರಲ್ಲಿ ಎಷ್ಟೋ ಜನ ಈಗಾಗಲೇ ನಿಮ್ಮ ಚಾನೆಲ್ಲುಗಳಲ್ಲಿ ಹೆಸರಿಲ್ಲದೆ ಹಾಡುತ್ತಿದ್ದಾರೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಹಳೆಯ ವಿಡಿಯೋಗಳನ್ನು ತೆರೆಯಿರಿ. ಹೆಸರು ನೆನಪಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೆ ಆ ಊರಿಗೆ ಫೋನ್ ಹಚ್ಚಿ ಕೇಳಿ, ಇಲ್ಲವೇ ಮುಂದಿನ ಜಾತ್ರೆಗೆ ಹೋದಾಗ ಕೇಳಿ ಬರೆಯಿರಿ. ಬರುವ ವರ್ಷ ನನ್ನ ಮೆಚ್ಚಿನ ಕಲಾವಿದರ ಪಟ್ಟಿಯಲ್ಲಿ ಮನುಷ್ಯರ ಹೆಸರುಗಳು ಇರುವಂತೆ ದಯವಿಟ್ಟು ನೋಡಿಕೊಳ್ಳಿ.

ಇಂತಿ,
ನಿಮ್ಮ ಹಾಡುಗಳ ಒಬ್ಬ ಕೇಳುಗ